ಈಗ ಬೀಡಿ ಬಿಟ್ಟು ಏನು ಫಲ?

ಮನೆಯ ಹಿರಿಯರಿಗೆ ಕ್ಯಾನ್ಸರ್ ಎಂದು ವೈದ್ಯರು ತಿಳಿಸಿದ ದಿನ ಮನೆಮಂದಿಯ ಬಾಯಿಂದ ಎರಡು ಬಗೆಯ ಮಾತು ಹೊರಡುತ್ತದೆ. ‘ಎಷ್ಟು ಹೇಳಿದರೂ ಬೀಡಿ ಬಿಡಲಿಲ್ಲ, ಈಗ ಅನುಭವಿಸಲಿ’ ಎಂಬುದು ಒಂದು. ‘ಆಗುವುದೆಲ್ಲ ಆಗಿಹೋಯಿತು, ಇನ್ನು ಬಿಟ್ಟು ಏನು ಫಲ? ಇರುವಷ್ಟು ದಿನ ಸೇದಲಿ ಬಿಡಿ’ ಎಂಬುದು ಇನ್ನೊಂದು. ಮೊದಲನೆಯದು ಮನಸ್ಸನ್ನು ಇರಿಯುತ್ತದೆ. ಎರಡನೆಯದು ಕರುಣೆಯಂತೆ ಕಂಡರೂ ಚಿಕಿತ್ಸೆಯನ್ನೇ ಕೆಡಿಸುತ್ತದೆ.

ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿಯು ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ರೋಗ ಪತ್ತೆಯಾದ ಮೇಲೂ ಧೂಮಪಾನ ಮುಂದುವರಿಸಿದವರಲ್ಲಿ ಸಾವಿನ ಸಂಭವವೂ ಹೊಸದೊಂದು ಕ್ಯಾನ್ಸರ್ ತಲೆದೋರುವ ಸಂಭವವೂ ಹೆಚ್ಚು. ಬಿಟ್ಟವರ ಸ್ಥಿತಿ ಸುಧಾರಿಸುತ್ತದೆ. ಕಾರಣ ಗೂಢವೇನಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿನ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಆಮ್ಲಜನಕ ಕಡಿಮೆಯಾದೆಡೆ ವಿಕಿರಣ ಚಿಕಿತ್ಸೆಯ ಬಲ ಕುಗ್ಗುತ್ತದೆ, ಶಸ್ತ್ರಕ್ರಿಯೆಯ ಗಾಯ ಬೇಗ ಮಾಯುವುದಿಲ್ಲ. ಇರಿನೊಟೆಕಾನ್, ಎರ್ಲೊಟಿನಿಬ್‌ನಂತಹ ಕೆಲವು ಔಷಧಗಳನ್ನು ಧೂಮಪಾನಿಯ ಯಕೃತ್ತು ಬೇಗನೆ ಕರಗಿಸಿಬಿಡುತ್ತದೆ. ಹೊಲ ಮಾರಿ ತಂದ ಔಷಧವು ಅರ್ಧ ಕೆಲಸ ಮಾಡಿ ಹೋದರೆ ಯಾರನ್ನು ದೂರಬೇಕು?

ಇಷ್ಟಾದರೂ ರೋಗಿ ಸೇದುವುದುಂಟು. ಆಸ್ಪತ್ರೆಯ ಹಿಂಗೋಡೆಯ ಮರೆಯಲ್ಲಿ ಸೇದಿ, ಏಲಕ್ಕಿ ಜಗಿದು ಒಳಬರುವುದುಂಟು. ವೈದ್ಯರು ಕೇಳಿದರೆ ‘ಬಿಟ್ಟಿದ್ದೇನೆ’ ಎನ್ನುತ್ತಾರೆ. ಈ ಸುಳ್ಳನ್ನು ಹೇಳಿಸುವುದು ಬಹುಮಟ್ಟಿಗೆ ನಮ್ಮ ಚುಚ್ಚುಮಾತು. ನಿಕೋಟಿನ್ನಿನ ಹಿಡಿತ ದೇಹಕ್ಕೆ ಸಂಬಂಧಿಸಿದ್ದು. ಅದನ್ನು ಬರಿಯ ಗುಣದೋಷವೆಂದು ಎಣಿಸಿದರೆ ರೋಗಿ ಬಚ್ಚಿಡುತ್ತಾನೆ, ವೈದ್ಯರು ಕುರುಡರಾಗುತ್ತಾರೆ. ‘ಅಪ್ಪಾ, ಇವತ್ತು ಎಷ್ಟು ಸೇದಿದಿರಿ? ಡಾಕ್ಟರಿಗೆ ಹೇಳೋಣ’ ಎಂದು ಮಗಳು ಮೆಲ್ಲನೆ ಕೇಳಿದರೆ ನಿಜ ಹೊರಬೀಳುತ್ತದೆ. ಮಗನ ಜೇಬಿನಲ್ಲಿಯೇ ಬೀಡಿಕಟ್ಟು ಇದ್ದರೆ ಮಾತ್ರ ಯಾವ ಮಾತೂ ನಾಟದು.

ಬಿಟ್ಟ ಮೊದಲ ವಾರ ಅತಿ ಕಠಿಣ. ಸಿಡುಕು, ನಿದ್ರಾಹೀನತೆ, ಚಡಪಡಿಕೆ ಸಹಜ. ಕೆಲವು ವಾರಗಳಲ್ಲಿ ತಗ್ಗುತ್ತವೆ. ‘ಬೀಡಿ ಸೇದದೆ ಬೆಳಿಗ್ಗೆ ಹೊಟ್ಟೆ ಸಡಿಲವಾಗದು’ ಎಂಬ ದೂರನ್ನು ನಗೆಯಾಡಬಾರದು. ಧೂಮಪಾನ ಬಿಟ್ಟವರಿಗೆ ಮಲಬದ್ಧತೆ ಆಗುವುದುಂಟು, ನೋವಿಗೆ ಕೊಡುವ ಮಾರ್ಫಿನ್ ಅದನ್ನು ಹೆಚ್ಚಿಸುತ್ತದೆ. ವೈದ್ಯರಿಗೆ ತಿಳಿಸಿದರೆ ಮದ್ದುಂಟು. ಕಾಫಿಯನ್ನೂ ಅರ್ಧಕ್ಕೆ ಇಳಿಸಬೇಕು. ಹೊಗೆ ನಿಂತೊಡನೆ ಕೆಫೀನು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಹಿಂದಿನಷ್ಟೇ ಕುಡಿದರೆ ಚಡಪಡಿಕೆ ಬೆಳೆಯುತ್ತದೆ.

ನಿಕೋಟಿನ್ ಗಮ್ಮು, ಚರ್ಮಕ್ಕೆ ಅಂಟಿಸುವ ಪಟ್ಟಿ, ಮಾತ್ರೆಗಳು ಇವೆ. ಬಾಯಿ ಹುಣ್ಣಾದವರಿಗೆ ಗಮ್ಮು ಒಗ್ಗದು. ಯಾವುದು ತಕ್ಕುದೆಂದು ಚಿಕಿತ್ಸೆ ನೀಡುವ ವೈದ್ಯರೇ ಹೇಳಬೇಕು. ಬೀಡಿಯ ಬದಲು ಕಡ್ಡಿಪುಡಿಯನ್ನೋ ಗುಟ್ಕಾವನ್ನೋ ಹಿಡಿದರೆ ಅದು ಬಿಟ್ಟಂತಲ್ಲ.

ಒಮ್ಮೆ ಬಿಟ್ಟು ಮತ್ತೆ ಸೇದಿದರೆ ‘ಇವರ ಹಣೆಬರಹ’ ಎಂದು ಕೈಚೆಲ್ಲಬೇಡಿರಿ. ಹಲವು ಸಲ ಯತ್ನಿಸಿ ಬಿಟ್ಟವರೇ ಹೆಚ್ಚು. ಬೀಡಿ, ಸಿಗರೇಟು ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಗೆ ರೋಗಿಯ ಪರವಾಗಿ ಮನೆಯವರೂ ಕರೆಮಾಡಿ ಸಲಹೆ ಕೇಳಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ.