ಹಾದಿಯ ಬೆಲೆ

ಹಳ್ಳಿಯ ಕಾಲುದಾರಿಯನ್ನು ಯಾರೂ ಯೋಜಿಸಿ ಮಾಡುವುದಿಲ್ಲ. ಹೊಲಕ್ಕೆ, ಕೆರೆಗೆ, ಸಂತೆಗೆ ಹೋಗಿಬರುವ ಜನರ ಹೆಜ್ಜೆಗಳೇ ಅದನ್ನು ಮೂಡಿಸುತ್ತವೆ. ನಗರದಲ್ಲಾದರೋ ಅಂಗುಲ ನೆಲಕ್ಕೂ ಒಡೆಯನಿದ್ದಾನೆ, ಬೆಲೆಯಿದೆ. ಅಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಹೊಸ ಹಾದಿಯೊಂದನ್ನು ನಿರ್ಮಿಸಬೇಕಾದರೆ ನಕ್ಷೆ ಬೇಕು, ಕಾನೂನು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಹಣ ಬೇಕು. ಆ ಹಣ ಬರುವ ಬಗೆಯೇ ಮುಂದೆ ಆ ಹಾದಿಯಲ್ಲಿ ಯಾರು ನಡೆಯಬಲ್ಲರೆಂಬುದನ್ನೂ ನಿರ್ಧರಿಸುತ್ತದೆ. ಅಮೆರಿಕದ ಅಟ್ಲಾಂಟ ನಗರದ ಅನುಭವ ಇದಕ್ಕೆ ಸಾಕ್ಷಿ.

ಜಾರ್ಜಿಯ ರಾಜ್ಯದ ರಾಜಧಾನಿಯಾದ ಅಟ್ಲಾಂಟ ರೈಲುಮಾರ್ಗಗಳ ಕೂಡುದಾಣವಾಗಿ ಬೆಳೆದ ಊರು. ಲಾರಿಗಳೂ ಹೆದ್ದಾರಿಗಳೂ ಬಂದ ಮೇಲೆ ಊರ ಸುತ್ತಲಿನ ಹಳಿಗಳಲ್ಲಿ ಅನೇಕವು ತುಕ್ಕು ಹಿಡಿದುವು. ಅವುಗಳ ಮೇಲೆ ಬಳ್ಳಿ ಪೊದೆಗಳು ಹಬ್ಬಿದುವು. 1999ರಲ್ಲಿ ರಯಾನ್ ಗ್ರ್ಯಾವೆಲ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಈ ಹಳಿಗಳನ್ನು ಜೋಡಿಸಿದರೆ ನಗರವನ್ನು ಬಳಸುವ 22 ಮೈಲಿಗಳ ಬಳೆಯಾಗುತ್ತದೆಂದೂ ಅದರಲ್ಲಿ ಟ್ರಾಮುಗಳನ್ನು ಓಡಿಸಬಹುದೆಂದೂ ಸೂಚಿಸಿದನು. ನಡೆಯುವ ಹಾದಿ ಮತ್ತು ಉದ್ಯಾನಗಳ ಯೋಚನೆ ತರುವಾಯ ಅದಕ್ಕೆ ಸೇರಿತು. 'ಬೆಲ್ಟ್‌ಲೈನ್' ಎಂದು ಅದು ಹೆಸರಾಯಿತು. ಬಳೆಯ ಮೇಲೆ ಟ್ರಾಮು ಇನ್ನೂ ಓಡಿಲ್ಲವೆಂಬುದು ಬೇರೆಯ ಮಾತು.

ಇಷ್ಟು ಉದ್ದದ ಹಾದಿಗೆ ಹಣವೆಲ್ಲಿಯದು? 2005ರಲ್ಲಿ ನಗರಸಭೆ, ಕೌಂಟಿಯ ಆಡಳಿತ ಮತ್ತು ಶಾಲಾ ಮಂಡಳಿ ಒಮ್ಮತದಿಂದ ಒಂದು ಜಾಣ ಉಪಾಯವನ್ನು ಹೂಡಿದುವು. ಹಳಿಗಳ ಆಸುಪಾಸಿನ ನೆಲವನ್ನು ಒಂದು ವಲಯವೆಂದು ಗುರುತಿಸಲಾಯಿತು. ಅಲ್ಲಿನ ಹಾಳುಬಿದ್ದ ಗೋದಾಮೊಂದರಿಂದ ಆಗ ವರ್ಷಕ್ಕೆ 1,000 ಡಾಲರ್ ತೆರಿಗೆ ಬರುತ್ತಿದ್ದಿತೆನ್ನಿ. ಹಾದಿ ಬಂದು ಜಾಗದ ಬೆಲೆ ಏರಿ ಆ ತೆರಿಗೆ 5,000 ಡಾಲರಾದರೆ, ಮೊದಲಿನ 1,000 ಎಂದಿನಂತೆ ಆಯಾ ಬೊಕ್ಕಸಗಳಿಗೆ ಸಲ್ಲುತ್ತದೆ. ಹೆಚ್ಚಿದ 4,000 ಹಾದಿಯ ನಿಧಿಗೆ ಸೇರುತ್ತದೆ. 25 ವರ್ಷಗಳ ಕಾಲ ಹೀಗೆ ಬರಲಿರುವ ಆದಾಯವನ್ನು ನೆಚ್ಚಿ ಸಾಲವೆತ್ತಿ ಕೆಲಸ ನಡೆಸಬಹುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತೆಂದು ಯಾರಾದರೂ ನಕ್ಕರೆ ತಪ್ಪೆನ್ನಲಾಗದು.

ಆ ನಗೆಗೆ ಬೇಗನೆ ಕಾರಣವೂ ದೊರೆಯಿತು. ಶಾಲೆಯ ತೆರಿಗೆಯನ್ನು ಶಿಕ್ಷಣಕ್ಕಲ್ಲದೆ ಬೇರೆಯದಕ್ಕೆ ಬಳಸಲಾಗದೆಂದು 2008ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದೇ ನವೆಂಬರಿನಲ್ಲಿ ಮತದಾರರು ರಾಜ್ಯದ ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆ ನೀಡಿ ಆ ತೊಡಕನ್ನು ನಿವಾರಿಸಿದರು. ಅಷ್ಟರಲ್ಲಿ ದೇಶವನ್ನೇ ಆವರಿಸಿದ ಆರ್ಥಿಕ ಕುಸಿತದಿಂದ ಆಸ್ತಿಯ ಬೆಲೆಗಳು ಬಿದ್ದುವು. ಬೆಲೆ ಏರದಿದ್ದರೆ ಹೆಚ್ಚಿದ ತೆರಿಗೆಯೆಲ್ಲಿ? ದಾನಿಗಳ ಕೊಡುಗೆಯನ್ನೂ ಕೇಂದ್ರ ಸರ್ಕಾರದ ಅನುದಾನವನ್ನೂ ಆಶ್ರಯಿಸಬೇಕಾಯಿತು. 2021ರಲ್ಲಿ ವಲಯದ ವಾಣಿಜ್ಯ ಕಟ್ಟಡಗಳ ಮೇಲೂ ದೊಡ್ಡ ವಸತಿ ಸಮುಚ್ಚಯಗಳ ಮೇಲೂ ಇನ್ನೊಂದು ತೆರಿಗೆಯನ್ನು ವಿಧಿಸಲಾಯಿತು.

2012ರಲ್ಲಿ ಪೂರ್ವದ ಹಾದಿ ತೆರೆಯಿತು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಅಲ್ಲಿಂದ ದೂರವಿಲ್ಲ. ಜನ ತಂಡತಂಡವಾಗಿ ಬಂದರು. 1926ರಲ್ಲಿ ಸಿಯರ್ಸ್ ಕಂಪನಿ ಕಟ್ಟಿಸಿದ್ದ ಭಾರಿ ಕಟ್ಟಡ ಅಂಗಡಿ, ಕಚೇರಿ, ವಸತಿಗಳ ಸಂಕೀರ್ಣವಾಯಿತು. ಬೆಲೆಗಳು ಏರಿದುವು, ನಿಧಿಗೆ ಅದೇ ಬೇಕಾಗಿತ್ತು. ಆದರೆ ಅದರೊಡನೆ ಬಾಡಿಗೆಯೂ ಏರಿತು. ಹಾದಿಯಿಲ್ಲದ ಕಾಲದಲ್ಲಿ ಆ ಬಡಾವಣೆಗಳಲ್ಲಿ ಬಾಳಿದ ಬಡ ಕುಟುಂಬಗಳಿಗೆ ಅಲ್ಲಿ ಉಳಿಯುವುದೇ ಕಷ್ಟವಾಯಿತು. ಅಂಥವರಿಗಾಗಿ 5,600 ಮನೆಗಳ ಗುರಿಯನ್ನು ಆರಂಭದಲ್ಲೇ ಇಟ್ಟುಕೊಳ್ಳಲಾಗಿತ್ತು. ಅದರ ಸಾಧನೆಗೆ ಸಾಕಷ್ಟು ಪ್ರಯತ್ನ ನಡೆಯುತ್ತಿಲ್ಲವೆಂದು 2016ರಲ್ಲಿ ಸ್ವತಃ ಗ್ರ್ಯಾವೆಲ್ ಯೋಜನೆಯ ಪೋಷಕ ಸಂಸ್ಥೆಯ ಮಂಡಳಿಗೆ ರಾಜೀನಾಮೆ ಕೊಟ್ಟನು.

ಈ ಉಪಾಯದ ದೋಷ ಅದರ ಹೊಟ್ಟೆಯಲ್ಲೇ ಇದೆ. ನೆಲ ಅಗ್ಗವಾಗಿದ್ದಾಗ ನಿಧಿ ಬರಿದಾಗಿರುತ್ತದೆ. ನಿಧಿ ತುಂಬುವ ಹೊತ್ತಿಗೆ ನೆಲ ತುಟ್ಟಿಯಾಗಿರುತ್ತದೆ. ಹಾಗೆಂದು ಹಾದಿಯೇ ಬೇಡವೆನ್ನುವುದು ವಿವೇಕವಲ್ಲ. ಕಾರಿಲ್ಲದವನಿಗೆ ಕೆಲಸದೆಡೆಗೆ ನಿರ್ಭಯವಾಗಿ ಹೋಗಿಬರುವ ದಾರಿ ಸಣ್ಣ ಉಪಕಾರವೇನೂ ಅಲ್ಲ. ಆದರೆ ಕೆಲಸದ ಕ್ರಮ ತಿರುವುಮುರುವಾಗಬೇಕು. ಕಾಂಕ್ರೀಟು ಹಾಸುವ ಮುನ್ನವೇ, ಬೆಲೆಯೇರಿಕೆಯನ್ನು ಕಾಯದ ಸಾಮಾನ್ಯ ಬೊಕ್ಕಸದ ಹಣದಿಂದ, ಬಡವರ ಮನೆಗಳಿಗೆಂದು ನೆಲವನ್ನು ಕೊಂಡಿಡಬೇಕು. ಹಾದಿ ಎರಡು ವರ್ಷ ತಡವಾದರೆ ಆಗುವ ನಷ್ಟ ಅಲ್ಪ; ಊರು ಬಿಟ್ಟ ಕುಟುಂಬ ಮರಳುವುದು ಅಪರೂಪ.

ಬಳೆಯನ್ನು ಪೂರ್ಣಗೊಳಿಸಲು 2030ರ ಗಡುವನ್ನು ಇಟ್ಟುಕೊಳ್ಳಲಾಗಿದೆ. ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಬಹುಕಾಲದಿಂದ ಸ್ವಂತ ಮನೆಯಲ್ಲಿರುವ ಅಲ್ಪಾದಾಯದವರಿಗೆ, ಹೆಚ್ಚಾದ ಆಸ್ತಿ ತೆರಿಗೆಯನ್ನು ಆ ವರ್ಷದವರೆಗೆ ದಾನಿಗಳ ಹಣದಿಂದ ಕಟ್ಟಿಕೊಡುವ ಏರ್ಪಾಡೊಂದು ರೂಪುಗೊಂಡಿದೆ. ಬಾಡಿಗೆ ಮನೆಯಲ್ಲಿರುವವರಿಗೆ ಈ ನೆರವು ಸಲ್ಲದು.