ಹಳೆಯ ಟಿಪ್ಪಣಿಗೆ ಹೊಸ ಪರದೆ



ಕಲಬುರಗಿಯ ವಿದ್ಯಾವಲಯದಲ್ಲಿ ಈಚೆಗೆ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂಬ ಮಾತು ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿದೆ. ವಿದ್ಯಾರ್ಥಿಯು ಪಾಠವನ್ನು ವಿಡಿಯೋ ಮೂಲಕ ಮನೆಯಲ್ಲಿಯೇ ಕೇಳಿಕೊಂಡು ಬರಬೇಕು, ತರಗತಿಯ ವೇಳೆಯನ್ನು ಪ್ರಶ್ನೆಗೂ ವಾದಕ್ಕೂ ಮೀಸಲಿಡಬೇಕು ಎಂಬುದು ಅದರ ತಾತ್ಪರ್ಯ. 2007ರಲ್ಲಿ ಅಮೆರಿಕೆಯ ಕೊಲರಾಡೊದ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಉಪಾಧ್ಯಾಯರು ತರಗತಿ ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠವನ್ನು ಚಿತ್ರೀಕರಿಸಿದ ಮೇಲೆ ಇದಕ್ಕೆ ಪ್ರಚಾರ ದೊರೆಯಿತು. ಆಗಲಿ. ರಾತ್ರಿ ಸೂತ್ರವನ್ನು ಬಾಯಿಪಾಠ ಮಾಡಿ, ಬೆಳಿಗ್ಗೆ ಗುರುಗಳ ಮುಂದೆ ಒಪ್ಪಿಸಿ, ಆಮೇಲೆ ಅರ್ಥವಿಚಾರಕ್ಕೆ ತೊಡಗುತ್ತಿದ್ದ ಮಠದ ವಟುಗಳಿಗೆ ಇದು ಹೊಸದಲ್ಲ. ಶೂನ್ಯಸಂಪಾದನೆಯನ್ನು ಸಂವಾದರೂಪದಲ್ಲಿ ಕಟ್ಟಿದ ಪರಂಪರೆಗೆ ಹೊಸದಾಗುವುದಾದರೂ ಹೇಗೆ? ನಮ್ಮ ತಕರಾರು ಪದ್ಧತಿಯ ಮೇಲಲ್ಲ, ಅದರ ಹೆಸರಿನಲ್ಲಿ ನಡೆಯುವ ಮೈಗಳ್ಳತನದ ಮೇಲೆ.

ಕಮಲಾಪುರದ ಕಡೆಯ ಹುಡುಗನೊಬ್ಬ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಕಾನೂನು ವಿದ್ಯಾರ್ಥಿಯಾಗಿದ್ದಾನೆ. ದರ್ಶನಕ್ಕೆ ಬಂದವನು ಮೊಬೈಲಿನಲ್ಲಿ ತನ್ನ ಪಾಠವೊಂದನ್ನು ತೋರಿಸಿದ. 52 ನಿಮಿಷ! ಪರದೆಯ ತುಂಬ ಇಂಗ್ಲಿಷು ಸಾಲುಗಳು, ಅವನ್ನೇ ಓದುವ ದನಿ, ಹಿಂದೆ ಫ್ಯಾನಿನ ಗರಗರ ಸದ್ದು. ಕೊಲೆಗೆ 302, ವಂಚನೆಗೆ 420 ಎಂದು ಆ ದನಿ ಇನ್ನೂ ಹೇಳುತ್ತಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, 511 ಕಲಮುಗಳ ಸ್ಥಾನದಲ್ಲಿ 358 ನಿಂತಿವೆ. ಕೊಲೆಯ ಶಿಕ್ಷೆ 103ಕ್ಕೆ, ವಂಚನೆ 318ಕ್ಕೆ ಹೋಗಿವೆ. ಇದರ ಸುಳಿವೇ ಅಲ್ಲಿರಲಿಲ್ಲ. “ಅಪ್ಪಾರೆ, ಮೂರು ಸಲ ನೋಡೀನ್ರಿ, ತಲಿಗೆ ಹತ್ತವಲ್ದು” ಎಂದ. ಮರುದಿನ ತರಗತಿಯಲ್ಲಿ ಏನು ನಡೆಯಿತೆಂದು ಕೇಳಿದೆವು. “ಅದನ್ನ ಮತ್ತೊಮ್ಮೆ ಓದಿದ್ರೀ” ಎಂದ. ಹಾಗಾದರೆ ಅಲ್ಲಿ ತಿರುವುಮುರುವಾದದ್ದು ಏನು?

ಆರು ನಿಮಿಷ ಮೀರಿದ ಮೇಲೆ ನೋಡುಗರ ಗಮನ ಉಳಿಯುವುದು ಕಷ್ಟವೆಂದು, ಎಡ್‌ಎಕ್ಸ್ ತರಗತಿಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಸಂಶೋಧಕರು 2014ರಲ್ಲಿಯೇ ತೋರಿಸಿಕೊಟ್ಟರು. ಆದರೆ ಕಾಲಾವಧಿಯನ್ನು ಕತ್ತರಿಸಿದ ಮಾತ್ರಕ್ಕೆ ಪಾಠವಾಗದು. ಕಾನೂನಿನ ವಿಡಿಯೋ ಸಂಗತಿಯನ್ನು ಮುಂದಿಡಬೇಕು, ತೀರ್ಪನ್ನು ಬಚ್ಚಿಡಬೇಕು. ಕಾಸರಗೋಡಿನ ಎಡನೀರು ಮಠಾಧೀಶರು ಹೂಡಿದ ಕೇಶವಾನಂದ ಭಾರತಿ ಮೊಕದ್ದಮೆಯನ್ನೇ ನೋಡಿರಿ. 13 ನ್ಯಾಯಮೂರ್ತಿಗಳು, 68 ದಿನಗಳ ವಾದ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ತೀರ್ಪು. ಇದರ ಸಾರಾಂಶವನ್ನು ವಿಡಿಯೋದಲ್ಲಿ ತುರುಕಿದರೆ ವಿದ್ಯಾರ್ಥಿಯು ‘ಮೂಲ ಸಂರಚನೆ’ ಎಂಬ ಪದವನ್ನು ಉರು ಹೊಡೆದು ಬರುತ್ತಾನೆ. ಭೂಸುಧಾರಣೆಯಿಂದ ಮಠದ ಭೂಮಿಗೆ ಏನಾಯಿತು, ಸಂಸತ್ತು ಕೇಳಿದ ಅಧಿಕಾರವೇನು ಎಂಬಷ್ಟನ್ನೇ ಹೇಳಿ ನಿಲ್ಲಿಸಿರಿ. ಮರುದಿನ ಏಳು ಮಂದಿಯನ್ನು ಒಂದು ಕಡೆ, ಆರು ಮಂದಿಯನ್ನು ಇನ್ನೊಂದು ಕಡೆ ಕೂರಿಸಿ ವಾದಿಸಲು ಬಿಡಿರಿ. ಉಪಾಧ್ಯಾಯರಿಗೆ ಕಷ್ಟವಿರುವುದು ಅಲ್ಲಿಯೇ: ಓದಿ ಹೇಳುವವನಿಗೆ ಪ್ರಶ್ನೆಯ ಭಯವಿಲ್ಲ, ವಾದಕ್ಕೆ ಕೂತವನಿಗೆ ಇದೆ.

2024ರ ಜೂನ್ 30ರ ರಾತ್ರಿ ಹೊಡೆದಾಟವಾಗಿ, ಜುಲೈ 2ರಂದು ಫಿರ್ಯಾದು ದಾಖಲಾದರೆ ಅಪರಾಧಕ್ಕೆ ಯಾವ ಕಾನೂನು, ತನಿಖೆಗೆ ಯಾವುದು? ಸಂವಿಧಾನದ 20ನೆಯ ವಿಧಿಯನ್ನು ತೆರೆಯದೆ ಉತ್ತರ ಸಿಕ್ಕದು. ಇಂತಹ ಒಂದೇ ಪ್ರಶ್ನೆ 52 ನಿಮಿಷಗಳ ಓದಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ಬೌದ್ಧಿಕ ಆಸ್ತಿಯ ಪಾಠ ಹೇಳುವವರು ಫ್ರಾನ್ಸಿನ ಷಾಂಪೇನಿಗೇ ಏಕೆ ಓಡಬೇಕು? ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ, ಬಾಳೆಯ ತೋಟದಲ್ಲಿ ನಿಂತು, ರೈತನನ್ನೇ ಮಾತನಾಡಿಸಿ ಐದು ನಿಮಿಷ ಚಿತ್ರಿಸಬಹುದು. ಬೇರೆ ಊರಿನ ಕೆಂಪು ಬಾಳೆಯನ್ನು ವ್ಯಾಪಾರಿಯೊಬ್ಬ ಕಮಲಾಪುರದ್ದೆಂದು ಮಾರಿದರೆ ದಾವೆ ಹೂಡುವವರಾರು, ಈ ಹಕ್ಕನ್ನು ರೈತ ಇನ್ನೊಬ್ಬರಿಗೆ ಮಾರಬಲ್ಲನೇ ಎಂದು ಕೇಳಿ ಮುಗಿಸಬಹುದು. 1999ರ ಕಾಯಿದೆಯ 21, 22, 24ನೆಯ ಕಲಮುಗಳನ್ನು ವಿದ್ಯಾರ್ಥಿ ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ. ಇದಕ್ಕೆ ಸ್ಟುಡಿಯೋ ಬೇಡ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಸಾಕು. ಚಿತ್ರ ಮಂಕಾದರೆ ನಡೆದೀತು, ಮಾತು ಕೇಳಿಸದಿದ್ದರೆ ನಡೆಯದು. ಕಟ್ಟಡದ ಮೋಹ ಹತ್ತಿದ ಆಡಳಿತ ಮಂಡಳಿಗಳಿಗೆ ಈ ಮಾತು ರುಚಿಸಲಿಕ್ಕಿಲ್ಲ.

ಭಾಷೆಯ ಮಾತು. ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷೆಂಬುದು ನಿಜ. 348ನೆಯ ವಿಧಿಯನ್ನು ನಾವೂ ಓದಿದ್ದೇವೆ. ಆದರೆ ಕೆಳ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವ ಸಾಕ್ಷಿ ನುಡಿಯುವುದು ಈ ನೆಲದ ಕನ್ನಡವನ್ನು. ಕಲ್ಪನೆಯನ್ನು ಕನ್ನಡದಲ್ಲಿ ಬಿಡಿಸಿ, ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲಿಯೂ ಹೇಳಿಕೊಟ್ಟರೆ ಹುಡುಗನಿಗೆ ಎರಡೂ ದಕ್ಕುತ್ತವೆ. ಬರೀ ಇಂಗ್ಲಿಷಿನ ಪಾಠ ಕಮಲಾಪುರದವನನ್ನು ಹೊರಗಿಟ್ಟು, ಹಣವಂತರ ಮಗನಿಗೆ ದಾರಿ ಮಾಡಿಕೊಡುತ್ತದೆ. ಇದು ಅನ್ಯಾಯ. ನ್ಯಾಯಶಾಸ್ತ್ರದ ಹೆಸರಿನಲ್ಲಿ ನಡೆಯುವುದರಿಂದ ಇನ್ನೂ ದೊಡ್ಡ ಅನ್ಯಾಯ.

ವಿದ್ಯೆ ಗುರುಮುಖದಿಂದಲೇ ಬರಬೇಕು, ಯಂತ್ರದಿಂದ ಬಾರದು ಎನ್ನುವ ಹಿರಿಯ ಭಕ್ತರಿಗೂ ಒಂದು ಮಾತು. ತಾಡವೋಲೆಯ ವಚನಗಳನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ಅಚ್ಚಿಗೆ ತಂದರು. ಅವರು ವೃತ್ತಿಯಿಂದ ವಕೀಲರು. ಯಂತ್ರದಿಂದ ವಚನ ಕೆಡಲಿಲ್ಲ, ಮನೆಮನೆಗೆ ಹೋಯಿತು. ಆದರೆ ಅವರು ಒಂದೊಂದು ಪ್ರತಿಯನ್ನೂ ಹುಡುಕಿ, ಹೋಲಿಸಿ, ತಿದ್ದಿ ಅಚ್ಚು ಹಾಕಿಸಿದರು. ಆ ಶ್ರಮವಿಲ್ಲದೆ ಅವಧಿ ಮುಗಿದ ಟಿಪ್ಪಣಿಯನ್ನು ಕ್ಯಾಮೆರಾದ ಮುಂದೆ ಓದುವವರು ಅವರ ಹೆಸರೆತ್ತಬಾರದು.

ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದಲ್ಲಿ ವಕೀಲಿ ಮಾಡುವ ಹಳೆಯ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ತಿಂಗಳಿಗೊಂದು ಸಂಗತಿ, ಐದಾರು ನಿಮಿಷ, ಕನ್ನಡದಲ್ಲಿ: ಇಷ್ಟನ್ನು ಅವರಿಂದ ಬೇಡುತ್ತೇವೆ. ಪ್ರಸಾದನಿಲಯದ ಹಿಂದಿನ ಕೋಣೆಯನ್ನು ಅದಕ್ಕಾಗಿ ತೆರವು ಮಾಡಿಸಿದ್ದೇವೆ. ಫ್ಯಾನನ್ನು ಆರಿಸಿಡಲು ಹೇಳಿದ್ದೇವೆ. ಮೊದಲನೆಯದು ಕೆಂಪು ಬಾಳೆಯ ಪಾಠವಾಗಲಿ.