ಲೆಕ್ಕದ ಕಂಪ್ಯೂಟರ್‌ಗೆ ಓವರ್‌ಕ್ಲಾಕಿಂಗ್ ಬೇಡ

ನಮ್ಮ ಮನೆಯ ಕಂಪ್ಯೂಟರ್ ಒಂದೇ. ಸಂಜೆ ನನ್ನ ಗೇಮ್, ರಾತ್ರಿ ಅಬ್ಬಾರ ಅಂಗಡಿ ಲೆಕ್ಕ. ಕಳೆದ ರಜೆಯಲ್ಲಿ ಗೇಮ್ ನಿಂತು ನಿಂತು ಓಡುತ್ತಿದೆ ಎಂದು ಬಯಾಸ್‌ಗೆ ಹೋಗಿ ರ‍್ಯಾಮ್ ವೇಗವನ್ನು 3200ರಿಂದ 3600ಕ್ಕೆ ಏರಿಸಿದೆ. ಎರಡು ದಿನದ ನಂತರ ಲೆಕ್ಕದ ಫೈಲ್ ತೆರೆಯಲಿಲ್ಲ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿದರೆ ಮೊದಲ ಸುತ್ತಿನಲ್ಲೇ ತಪ್ಪುಗಳ ಸಾಲು. ಅಬ್ಬಾ ಬೈಯಲಿಲ್ಲ, ಬಿಲ್ ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟರು. ಮೂರು ರಾತ್ರಿ ಕೂತು ಎಲ್ಲ ಮತ್ತೆ ಬರೆದೆ. ಅಕೌಂಟೆನ್ಸಿಗೆ ಒಳ್ಳೆಯ ಅಭ್ಯಾಸ ಎಂದು ಅಮ್ಮಿ ನಕ್ಕರು.

ಅದಕ್ಕೇ ಹೇಳುತ್ತೇನೆ: ಮನೆಯವರೆಲ್ಲ ಬಳಸುವ ಕಂಪ್ಯೂಟರ್‌ನಲ್ಲಿ ರ‍್ಯಾಮ್ ಪೆಟ್ಟಿಗೆಯ ಮೇಲಿನ ವೇಗವನ್ನು ದಾಟಬೇಡಿ. ಆ ವೇಗವೂ ತಾನಾಗಿ ಬರುವುದಿಲ್ಲ. 3200ರ ಡಿಡಿಆರ್4 ಹಾಕಿದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಎಷ್ಟೋ ಸಲ 2133 ಅಥವಾ 2666ರಲ್ಲೇ ಓಡುತ್ತದೆ. ದುಡ್ಡು ಕೊಟ್ಟ ಮಾಲು ಗೋದಾಮಿನಲ್ಲೇ ಉಳಿದಂತೆ.

ಕೊಳ್ಳುವಾಗ ದೊಡ್ಡ ಅಂಕಿಗೆ ಮರುಳಾಗಬೇಡಿ, ಪಕ್ಕದ ಸಿಎಲ್ ಕೂಡ ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. 3200 ಸಿಎಲ್16 ಆಗಲಿ, 3600 ಸಿಎಲ್18 ಆಗಲಿ, ಕಾಯುವ ಸಮಯ 10 ನ್ಯಾನೊಸೆಕೆಂಡೇ. 16 ಜಿಬಿ ಬೇಕಿದ್ದರೆ 8ರ ಜೋಡಿ ಕೊಳ್ಳಿ, ಎರಡು ಚಾನೆಲ್ ಸಿಗುತ್ತದೆ.

ನನ್ನ ಗೇಮ್ ನಿಲ್ಲುತ್ತಿದ್ದ ಕಾರಣ ಕ್ಯಾಬಿನೆಟ್ ಬಿಚ್ಚಿದಾಗಲೇ ತಿಳಿದದ್ದು. ಎರಡೂ ರ‍್ಯಾಮ್ ಅಕ್ಕಪಕ್ಕದ ಸ್ಲಾಟ್‌ನಲ್ಲಿದ್ದವು, ಅಂದರೆ ಒಂದೇ ಚಾನೆಲ್! ಬೋರ್ಡ್‌ನ ಕೈಪಿಡಿಯಂತೆ ಎರಡನೆಯ, ನಾಲ್ಕನೆಯ ಸ್ಲಾಟ್‌ಗೆ ಬದಲಿಸಿ, 3200ಕ್ಕೇ ಇಳಿಸಿ, ಮೆಮ್‌ಟೆಸ್ಟ್ ನಾಲ್ಕು ಸುತ್ತು ಓಡಿಸಿದೆ. ಒಂದೂ ತಪ್ಪಿಲ್ಲ. ಗೇಮ್ ಈಗ ನಿಲ್ಲುವುದಿಲ್ಲ. ಅಬ್ಬಾ ಮಾತ್ರ ದಿನಾ ರಾತ್ರಿ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಯೇ ಮಲಗುತ್ತಾರೆ.